ನಾಶವಾಗದ ಶಕ್ತಿ, ಹಿಂದಿರುಗದ ಶಕ್ತಿ
(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಕ್ತಿಯನ್ನು ಹುಟ್ಟಿಸಲು ಬರುವುದಿಲ್ಲ, ನಾಶಮಾಡಲೂ ಬರುವುದಿಲ್ಲ ಎಂದು ನಾವೆಲ್ಲ ಇದೇ ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ಇಳಕಲ್ಲ ಕಡೆಯ ರೈತರೊಬ್ಬರು ಒಮ್ಮೆ ನನ್ನನ್ನು ಕೇಳಿದರು: ‘ನಾಶ ಆಗೂದಿಲ್ಲಂದ್ರ ಬೋರಿನ ಮೋಟರಿಗೆ ದಿನಾ ಹೊಸಾ ಕರೆಂಟ್ ಯಾಕ ಬೇಕ್ರೀ ಸರ?’ ರಾತ್ರಿಯೆಲ್ಲ ತ್ರೀ ಫೇಸ್ ಕಾಯುವವರ ಪ್ರಶ್ನೆ ಅದು. ಪರೀಕ್ಷೆಯಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಬಂದದ್ದನ್ನು ನಾನು ಕಂಡಿಲ್ಲ.

ಲೆಕ್ಕ ಹಾಕೋಣ. 1000 ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತಲು ಬೇಕಾದದ್ದು ಸುಮಾರು 9.8 ಲಕ್ಷ ಜೂಲ್. ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ಹಾಗಾದರೆ ಕಾಲು ಯೂನಿಟ್‌ಗಿಂತ ತುಸು ಹೆಚ್ಚು ಸಾಕು. ನಮ್ಮ ಪಂಪು ಅರ್ಧ ಯೂನಿಟ್ ತಿಂದಿತು ಅನ್ನಿ. ಉಳಿದದ್ದು ಎಲ್ಲಿ ಹೋಯಿತು? ಮೋಟರಿನ ಸುರುಳಿ ಕಾಯಿತು, ಪೈಪಿನ ಗೋಡೆಗೆ ನೀರು ಉಜ್ಜಿತು. ಅಷ್ಟೂ ಶಾಖ ನೀರಿಗೇ ಸೇರಿದರೂ ಆ 1000 ಲೀಟರ್ ಬಿಸಿಯಾಗುವುದು ಡಿಗ್ರಿಯ ಐದನೇ ಒಂದು ಭಾಗದಷ್ಟು. ಕೈಗೆ ತಿಳಿಯುವುದೇ ಇಲ್ಲ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿಲ್ಲ, ಆದರೆ ಆ ಶಾಖವನ್ನೆಲ್ಲ ಬಳಿದು ತಂದು ಮತ್ತೆ ಮೋಟರ್ ತಿರುಗಿಸಲು ಆಗದು.

ಆಲಮಟ್ಟಿಯಲ್ಲಿ 290 ಮೆಗಾವಾಟ್‌ನ ವಿದ್ಯುದಾಗಾರವಿದೆ. ಅಲ್ಲಿ ನೀರು ಇಳಿದು ಕರೆಂಟ್ ಆಗುತ್ತದೆ, ನಮ್ಮ ಹೊಲದಲ್ಲಿ ಕರೆಂಟ್ ಖರ್ಚಾಗಿ ನೀರು ಏರುತ್ತದೆ. ಎರಡೂ ಕಡೆ ಎಳ್ಳಷ್ಟೂ ಸೋರಿಕೆ ಇಲ್ಲದಿದ್ದರೆ, ಇಳಿದಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಮರಳಿ ಏರಿಸಬಹುದಿತ್ತು. ಬಂದ ದಾರಿಯಲ್ಲೇ, ಹೊರಗೆ ಯಾವ ಗುರುತೂ ಉಳಿಸದೆ ಹಿಂದಿರುಗಬಲ್ಲ ಇಂಥದ್ದನ್ನೇ ‘ರಿವರ್ಸಿಬಲ್’ ಪ್ರಕ್ರಿಯೆ ಅನ್ನುವುದು. ಅದಕ್ಕೆ ಘರ್ಷಣೆ ಇರಕೂಡದು, ಪ್ರತಿ ಹೆಜ್ಜೆಯೂ ತಕ್ಕಡಿ ಸಮ ನಿಂತಂತೆ ನಿಧಾನವಾಗಿ ಸಾಗಬೇಕು. ಅಷ್ಟು ನಿಧಾನ ನೀರೆತ್ತಿದರೆ ಬೆಳೆ ಒಣಗಿಹೋದೀತು, ಬಿಡಿ! ಆದರೂ ಅದರ ಹತ್ತಿರ ಹೋಗಬಹುದು. ಪೈಪಿನ ವ್ಯಾಸ ಅರ್ಧ ಮಾಡಿ ಅಷ್ಟೇ ನೀರು ದಬ್ಬಿದರೆ ಘರ್ಷಣೆಯ ನಷ್ಟ ಹೆಚ್ಚುಕಡಿಮೆ 30 ಪಟ್ಟಾಗುತ್ತದೆ. ಅಗ್ಗವೆಂದು ಸಣ್ಣ ಪೈಪು ತರುವವರು ಇದನ್ನು ಗಮನಿಸಬೇಕು.

ಶಾಖದ ಕಥೆ ಇನ್ನೂ ಬಿಗಿ. ಫ್ರಾನ್ಸಿನ ಸಾದಿ ಕಾರ್ನೊ 1824ರಲ್ಲಿ, ನೀರು ಎತ್ತರದಿಂದ ಬೀಳುವಂತೆ ಶಾಖವೂ ಬಿಸಿಯಿಂದ ತಂಪಿಗೆ ‘ಇಳಿದರೆ’ ಮಾತ್ರ ಕೆಲಸ ಎಂದ. ಕೂಡಗಿಯಂಥ ಕಲ್ಲಿದ್ದಲ ಸ್ಥಾವರವನ್ನೇ ನೆನೆಯಿರಿ. ಹಬೆ 600 ಡಿಗ್ರಿ, ಹೊರಗೆ 30 ಡಿಗ್ರಿ ಇದ್ದರೆ, ಒಂದಿಷ್ಟೂ ಘರ್ಷಣೆಯಿಲ್ಲದ ಯಂತ್ರಕ್ಕೂ ನೂರಕ್ಕೆ 65 ಭಾಗ ಶಾಖವನ್ನಷ್ಟೇ ಕೆಲಸವಾಗಿಸಲು ಸಾಧ್ಯ. ಉಳಿದದ್ದು ಗಾಳಿಗೋ ನೀರಿಗೋ ಹೋಗಲೇಬೇಕು. ಅದನ್ನು ಯಾವ ಎಂಜಿನಿಯರೂ ತಡೆಯಲಾರ.