ಕೋಶ ಕಾಣದಂತೆ ಕೈಯಾಡಿಸುವ ರಸಾಯನಶಾಸ್ತ್ರ



ಪ್ರನಾಳದಲ್ಲಿ ರಾಸಾಯನಿಕ ಕ್ರಿಯೆ ನಡೆಸುವಾಗ ನಮಗೆ ಬೇಕಾದ್ದನ್ನಷ್ಟೇ ಹಾಕುತ್ತೇವೆ. ಜೀವಂತ ಕೋಶದಲ್ಲಿ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ನೀರು, ಲವಣ, ಸಾವಿರಾರು ಬಗೆಯ ಪ್ರೋಟೀನುಗಳು ಮೊದಲೇ ತುಂಬಿಕೊಂಡಿವೆ. ಹೊರಗಿನಿಂದ ಬಂದ ಅಣು ಇವುಗಳಲ್ಲಿ ಯಾವುದನ್ನೂ ಮುಟ್ಟದೆ, ತನಗೆ ಬೇಕಾದ ಒಂದನ್ನು ಮಾತ್ರ ಹಿಡಿಯಬೇಕು. ಅಮೆರಿಕದ ರಸಾಯನಶಾಸ್ತ್ರಜ್ಞೆ ಕ್ಯಾರೊಲಿನ್ ಬರ್ಟೋಜ್ಜಿ ಕೈಗೆತ್ತಿಕೊಂಡ ಸವಾಲು ಇದೇ.

ಅವರು ನೋಡಬಯಸಿದ್ದು ಕೋಶದ ಹೊರಮೈಯನ್ನು ಹೊದ್ದಿರುವ ಸಕ್ಕರೆ ಸರಪಳಿಗಳನ್ನು, ಅಂದರೆ ಗ್ಲೈಕಾನ್‌ಗಳನ್ನು. ನಮ್ಮ ಎ, ಬಿ, ಒ ರಕ್ತದ ಗುಂಪುಗಳನ್ನು ತೀರ್ಮಾನಿಸುವುದು ಇವೇ; ಫ್ಲೂ ವೈರಸ್ ಬಂದು ಅಂಟಿಕೊಳ್ಳುವುದೂ ಇವಕ್ಕೇ. ಆದರೆ ಪ್ರೋಟೀನಿನಂತೆ ಇವುಗಳ ನಕ್ಷೆ ನೇರವಾಗಿ ಜೀನ್‌ನಲ್ಲಿ ಇರುವುದಿಲ್ಲ. ಹಾಗಾಗಿ ಜೀನ್ ತಿದ್ದಿ ಹೊಳೆಯುವ ಗುರುತು ಕೂರಿಸುವ ಉಪಾಯ ಇಲ್ಲಿ ನಡೆಯದು.

ಬರ್ಟೋಜ್ಜಿ ಕೋಶಕ್ಕೆ ಗುರುತು ಹಚ್ಚಿದ ಸಕ್ಕರೆಯನ್ನೇ ಉಣಿಸಿದರು. ಗುರುತು ಬಲು ಸಣ್ಣದು: ಸಾಲಾಗಿ ನಿಂತ ಮೂರು ನೈಟ್ರೋಜನ್ ಪರಮಾಣುಗಳ ಅಜೈಡ್. ಕೋಶ ವ್ಯತ್ಯಾಸ ಅರಿಯದೆ ಅದನ್ನು ಬಳಸಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆ ತಯಾರಿಸಿ ಮೈಮೇಲೆ ಹೊದ್ದಿತು.

ಇನ್ನು ಆ ಅಜೈಡನ್ನು ಹಿಡಿಯಬೇಕು. 2002ರಲ್ಲಿ ರಸಾಯನಶಾಸ್ತ್ರಜ್ಞರಾದ ಬ್ಯಾರಿ ಶಾರ್ಪ್‌ಲೆಸ್ ಮತ್ತು ಮಾರ್ಟನ್ ಮೆಲ್ಡಾಲ್ ಬೇರೆಬೇರೆಯಾಗಿ ತೋರಿಸಿದ್ದರು: ತಾಮ್ರವಿದ್ದರೆ ಅಜೈಡ್ ಮತ್ತು ಆಲ್ಕೈನ್ (ಎರಡು ಇಂಗಾಲಗಳ ನಡುವೆ ತ್ರಿಬಂಧವಿರುವ ಗುಂಪು) ಥಟ್ಟನೆ ಬೆಸೆಯುತ್ತವೆ. ಆದರೆ ತಾಮ್ರ ಕೋಶಕ್ಕೆ ವಿಷ. ದಾರಿ ಸಿಕ್ಕಿದ್ದು 1961ರ ಒಂದು ಜರ್ಮನ್ ವರದಿಯಲ್ಲಿ. ಆಲ್ಕೈನ್ ಸ್ವಭಾವತಃ ನೆಟ್ಟಗಿರುವಂಥದ್ದು. ಎಂಟು ಇಂಗಾಲದ ಉಂಗುರದೊಳಗೆ ಅದನ್ನು ಬಗ್ಗಿಸಿ ಕೂರಿಸಿದರೆ, ಬಿಗಿದ ಬಿಲ್ಲಿನಂತೆ ಶಕ್ತಿ ತುಂಬಿಕೊಂಡು, ಅಜೈಡ್ ಸಿಕ್ಕೊಡನೆ ತಾಮ್ರದ ಹಂಗಿಲ್ಲದೆ ಬೆಸೆಯುತ್ತದೆ. 2004ರಲ್ಲಿ ಬರ್ಟೋಜ್ಜಿ ತಂಡ ಇದನ್ನು ಜೀವಂತ ಕೋಶಗಳ ಮೇಲೆ ಮಾಡಿ ತೋರಿಸಿತು. 2008ರಲ್ಲಿ, ಬೆಳೆಯುತ್ತಿರುವ ಜೀಬ್ರಾಮೀನಿನ ಭ್ರೂಣದಲ್ಲಿ ಸಕ್ಕರೆಗಳು ಬಣ್ಣಬಣ್ಣವಾಗಿ ಕಂಡವು. 2022ರ ನೊಬೆಲ್ ಈ ಮೂವರಿಗೂ ಸಂದಿತು.

ನೋಡಲು ಕಲಿತ ಮೇಲೆ ತಿದ್ದುವ ಮಾತು. ಎಷ್ಟೋ ಕ್ಯಾನ್ಸರ್ ಕೋಶಗಳು ಸಿಯಾಲಿಕ್ ಆಮ್ಲವನ್ನು ದಟ್ಟವಾಗಿ ಹೊದ್ದು ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸುತ್ತವೆ. ಆ ಹೊದಿಕೆ ಕಳಚುವ ಕಿಣ್ವವೇನೋ ಇದೆ. ಆದರೆ ಆರೋಗ್ಯವಂತ ಕೋಶಕ್ಕೂ ಅದೇ ಸಕ್ಕರೆ ಬೇಕಲ್ಲ? ಅದಕ್ಕೇ ಬರ್ಟೋಜ್ಜಿ ತಂಡ ಕಿಣ್ವವನ್ನು ಗೆಡ್ಡೆಯ ಗುರುತು ಹಿಡಿಯುವ ಪ್ರತಿಕಾಯಕ್ಕೆ ಜೋಡಿಸಿತು. ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆ ನಿಧಾನವಾಯಿತು. ಕೋಶವನ್ನು ಕೊಲ್ಲುವ ಔಷಧಗಳನ್ನು ರಸಾಯನಶಾಸ್ತ್ರ ಬಹಳ ಹಿಂದೆಯೇ ಕೊಟ್ಟಿತ್ತು. ಇಲ್ಲಿ ಅದು ಮಾಡಿದ್ದು ಮುಸುಕು ತೆಗೆಯುವ ಕೆಲಸವನ್ನಷ್ಟೇ. ಮುಂದಿನದು ದೇಹದ ಸ್ವಂತ ಕಾವಲಿನ ಪಾಲು.