ಬೈಗುಳಕ್ಕೂ ತಮಾಷೆಗೂ ನಡುವೆ



ಬೆಂಗಳೂರಿನ ಯಾವ ಕಾಲೇಜು ಕ್ಯಾಂಟೀನಿನಲ್ಲಿ ಕುಳಿತರೂ "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಎಂಬ ಮಾತು ಕಿವಿಗೆ ಬೀಳುತ್ತದೆ. ಉತ್ತರ ಕರ್ನಾಟಕದಲ್ಲಾದರೆ "ಧಾರವಾಡಕ್ಕ ಕಳಸ್ರಿ" ಅಂದರೆ ಸಾಕು, ಅಲ್ಲಿನ ಮಾನಸಿಕ ಆಸ್ಪತ್ರೆಗೆ ಎಂದೇ ಅರ್ಥ. ಆಡಿದವರು ಮರುಕ್ಷಣವೇ ಮರೆಯುತ್ತಾರೆ. ಆದರೆ ವಾರಗಟ್ಟಲೆ ನಿದ್ದೆಯಿಲ್ಲದೆ, ಯಾರೋ ಕಿವಿಯಲ್ಲಿ ಮಾತಾಡಿದಂತಾಗಿ ಹೆದರಿರುವ ಹುಡುಗನೊಬ್ಬ ಅದೇ ಮೇಜಿನಲ್ಲಿ ಕುಳಿತಿದ್ದರೆ? ಇದನ್ನು ಯಾರಿಗೂ ಹೇಳಬಾರದು ಎಂದು ಅವನು ಆಗಲೇ ತೀರ್ಮಾನಿಸಿಬಿಡುತ್ತಾನೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿಗಳು ನಿಮಗೆ ಗೊತ್ತಿರುವಂಥವೇ: ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಅವರಲ್ಲಿ, ಕಾಯಿಲೆ ಯಾವುದು ಎಂಬುದಕ್ಕೆ ತಕ್ಕಂತೆ, ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ವೈದ್ಯರ ಕೊರತೆ, ಆಸ್ಪತ್ರೆಯ ದೂರ, ಖರ್ಚು ಇವೆಲ್ಲ ಕಾರಣ, ನಿಜ. ನಾಚಿಕೆಯೂ ಅಷ್ಟೇ ದೊಡ್ಡ ಕಾರಣ. ಆಸ್ಪತ್ರೆಯಿಂದ ಮನೆಗೆ ಹೋದೊಡನೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಹಳೆಯ ವಿಟಮಿನ್ ಡಬ್ಬಿಗೆ ತುಂಬಿಡುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಮಗಳ ಮದುವೆ ಮಾತುಕತೆ ಶುರುವಾದರೆ ಆ ಡಬ್ಬಿಯೂ ಅಟ್ಟ ಸೇರುತ್ತದೆ, ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ. ಕಾಯಿಲೆಯ ಹೆಸರೇ ಬೈಗುಳವಾಗಿರುವ ಊರಿನಲ್ಲಿ ಆ ಕುಟುಂಬ ಇನ್ನೇನು ಮಾಡೀತು?

ಬೈಗುಳ ಹಳೆಯದು. ಹೊಸ ಪೆಟ್ಟು ಬೇರೆಯೇ ದಿಕ್ಕಿನಿಂದ ಬರುತ್ತಿದೆ. ಕಪಾಟಿನ ಪುಸ್ತಕಗಳನ್ನು ಸಾಲಾಗಿ ಜೋಡಿಸಿದವರು "ನಂಗೆ ಸ್ವಲ್ಪ ಓಸಿಡಿ" ಅನ್ನುತ್ತಾರೆ. ಭಾರತ ಸೋತ ರಾತ್ರಿ ಎಲ್ಲರಿಗೂ ಡಿಪ್ರೆಶನ್. ಮಧ್ಯಾಹ್ನ ಬಿಸಿಲಿದ್ದು ಸಂಜೆ ಮಳೆ ಬಂದರೆ ಹವೆಯೂ ಬೈಪೋಲಾರ್. ಓಸಿಡಿ ಇರುವ ತಾಯಿಯೊಬ್ಬಳ ದಿನ ಹೀಗಿರುತ್ತದೆ: ಕೈ ಶುದ್ಧವಾಗಿದೆ ಎಂದು ಅವಳಿಗೇ ಗೊತ್ತು. ಆದರೂ ತೊಳೆಯದಿದ್ದರೆ ಮಗುವಿಗೇನಾದರೂ ಆದೀತೆಂಬ ದಿಗಿಲು. ಅನ್ನ ಕಲಸಲು ತಟ್ಟೆಯ ತನಕ ಹೋದ ಕೈ ಮತ್ತೆ ನಲ್ಲಿಯ ಕೆಳಗೆ. ಬೆರಳ ಸಂದಿ ಬಿರಿದು ರಕ್ತ ಜಿನುಗುತ್ತದೆ, ಮಗು ಹಸಿದು ಅಳುತ್ತದೆ, ಅವಳಿಗೆ ನಲ್ಲಿ ನಿಲ್ಲಿಸಲಾಗದು. ಅವಳು ಧೈರ್ಯ ಮಾಡಿ ಓರಗಿತ್ತಿಯ ಬಳಿ "ನಂಗೆ ಓಸಿಡಿ ಇದೆಯಂತೆ" ಎಂದರೆ ಬರುವ ಉತ್ತರ: "ಅಯ್ಯೋ, ನಂಗೂ ಇದೆ ಬಿಡು."

ನಾನು ಈ ವಿಚಾರಸಂಕಿರಣದ ಮುಂದಿಡಬಯಸುವುದು ಇದನ್ನೇ. ಒಂದು ಕಡೆ 'ಮೆಂಟಲ್' ಎಂಬ ಬೈಗುಳ ರೋಗಿಯ ಬಾಯಿ ಕಟ್ಟುತ್ತದೆ. ಇನ್ನೊಂದು ಕಡೆ, ಅವರು ಬಾಯಿ ಬಿಟ್ಟರೂ ಕೇಳುವವರ ಕಿವಿಯಲ್ಲಿ ಆ ಮಾತಿಗೆ ತೂಕವಿಲ್ಲ. ಇವೆರಡನ್ನೂ ಒಟ್ಟಿಗೆ ನೋಡದೆ ಹೋದರೆ ನಮ್ಮ ಜಾಗೃತಿ ಕಾರ್ಯಕ್ರಮಗಳು ಅರ್ಧದಾರಿಯಲ್ಲೇ ನಿಲ್ಲುತ್ತವೆ.

ಕ್ರಿಕೆಟ್ ಹುಚ್ಚು, ಓದಿನ ಹುಚ್ಚು ಎಂಬ ನುಡಿಗಟ್ಟುಗಳನ್ನೂ ಕಿತ್ತೊಗೆಯಿರಿ ಎಂದು ನಾನು ಕೇಳುತ್ತಿಲ್ಲ. ಅಲ್ಲಿ ಯಾರನ್ನೂ ಹೀಗಳೆಯುವುದಿಲ್ಲ, ಯಾರ ಸಂಕಟವನ್ನೂ ಕಿರಿದು ಮಾಡುವುದಿಲ್ಲ. ನಿಷೇಧಿತ ಪದಗಳ ಪಟ್ಟಿ ಹಿಡಿದು ಜನರ ಮಾತು ತಿದ್ದಲು ಹೊರಟರೆ ಅವರು ನಮ್ಮೆದುರು ಸುಮ್ಮನಾಗುತ್ತಾರೆ, ಅಷ್ಟೆ.

ಆದರೂ ಹೆಸರು ಬದಲಾದರೆ ಏನೂ ಆಗದು ಎನ್ನುವವರಿಗೆ ಜಪಾನಿನ ಅನುಭವ ಹೇಳಬೇಕು. ರೋಗಿಗಳ ಕುಟುಂಬದವರ ಒತ್ತಾಯದ ಮೇಲೆ ಅಲ್ಲಿನ ಮನೋವೈದ್ಯರು 2002ರಲ್ಲಿ ಸ್ಕಿಜೋಫ್ರೀನಿಯಾಕ್ಕಿದ್ದ ಹಳೆಯ ಜಪಾನಿ ಹೆಸರನ್ನು ಕೈಬಿಟ್ಟರು. ಅದಾದ ಮೇಲೆ, ಇಂಥ ಕಾಯಿಲೆ ನಿಮಗಿದೆ ಎಂದು ರೋಗಿಗೇ ನೇರವಾಗಿ ತಿಳಿಸುವ ವೈದ್ಯರ ಸಂಖ್ಯೆ ಹೆಚ್ಚಿತು. ಕಾಯಿಲೆಯ ಹೆಸರು ತಿಳಿದಾಗ ರೋಗಿ ತನ್ನ ಚಿಕಿತ್ಸೆಯ ಬಗ್ಗೆ ಪ್ರಶ್ನೆ ಕೇಳಬಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಪತ್ರಕರ್ತ ಮಿತ್ರರು ಮಾತಾಡಲಿದ್ದಾರೆ. ಅವರಲ್ಲಿ ನನ್ನದೊಂದು ಬೇಡಿಕೆ. ಯಾರೋ ಯಾರಿಗೋ ಹೊಡೆದರೆ, ವೈದ್ಯರು ಪರೀಕ್ಷಿಸುವ ಮೊದಲೇ 'ಮಾನಸಿಕ ಅಸ್ವಸ್ಥನಿಂದ ಹಲ್ಲೆ' ಎಂಬ ತಲೆಬರಹ ಸಿದ್ಧವಾಗಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್, ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು ತಡೆಯುತ್ತದೆ. ಪರೀಕ್ಷೆಯೇ ಆಗದವರಿಗೆ ಕಾಯಿಲೆ ಅಂಟಿಸುವುದನ್ನು ತಡೆಯಬೇಕಾದವರು ಸುದ್ದಿಮನೆಯವರೇ. ಆ ತಲೆಬರಹಗಳನ್ನು ಮೇಜಿನ ಮೇಲಿಟ್ಟು, ಯಾವುದನ್ನು ಹೇಗೆ ಬರೆಯಬಹುದಿತ್ತು ಎಂದು ಒಂದೊಂದಾಗಿ ಚರ್ಚಿಸಿ ಎಂದು ಕೋರುತ್ತೇನೆ.