ದನಿಗೂ ಒಂದು ಸಹಕಾರಿ ಸಂಘ ಬೇಕು

(ಗದಗ ತಾಲೂಕಿನ ಹರ್ತಿಯಲ್ಲಿ, ನಗರಗಳಿಂದ ಬಂದ ಯುವಜನರ ಮುಂದೆ ಆಡಿದ ಮಾತು)



ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ನೀವು ಹರ್ತಿಗೆ ಬಂದಿದ್ದೀರಿ. ಬಸವಣ್ಣನ ಗುಡಿ ನೋಡಿದಿರಿ. ಚಾಲುಕ್ಯರ ಕಾಲದ ಕೆತ್ತನೆಯಿರುವ ಪಾರ್ವತಿ ಪರಮೇಶ್ವರ ಗುಡಿಯನ್ನೂ ನೋಡಿದಿರಿ. ನೋಡಿದ್ದೇ ತಡ, ಎಲ್ಲರ ಕೈಯಲ್ಲೂ ಫೋನು! ಸಂತೋಷ. ಸಂಜೆಯೊಳಗೆ ಆ ಕಲ್ಲಿನ ಚಿತ್ರ ಸಾವಿರಾರು ಜನರನ್ನು ಮುಟ್ಟುತ್ತದೆ. ಆದರೆ ಒಂದು ಪ್ರಶ್ನೆ. ನಾಡಿದ್ದು ನೀವು ಬೇರೆ ಊರಿನ ರೀಲ್ ಮಾಡುವಾಗ ಈ ಕಲ್ಲಿನ ಕಾಳಜಿ ಯಾರದು?

ನಮ್ಮ ನಾಡಿನಲ್ಲಿ ಸಂಘ ಸಂಸ್ಥೆಗಳಿಗೆ ಕೊರತೆಯಿಲ್ಲ. ಶಾಸನ ಉಳಿಸುವವರಿದ್ದಾರೆ, ಕೆರೆಯ ಹೂಳು ತೆಗೆಸುವವರಿದ್ದಾರೆ, ಕನ್ನಡ ಶಾಲೆಗೆ ಬೀಗ ಬೀಳದಂತೆ ಕಾಯುವವರಿದ್ದಾರೆ. ಅವರ ಹತ್ತಿರ ಕೆಲಸವಿದೆ, ಕಾಗದಪತ್ರವಿದೆ, ಅನುಭವವಿದೆ. ಇಲ್ಲದ್ದು ದನಿ. ನಿಮ್ಮ ಹತ್ತಿರ ಬ್ಲಾಗ್ ಇದೆ, ಯೂಟ್ಯೂಬ್ ಇದೆ, ಇನ್‌ಸ್ಟಾಗ್ರಾಂ ಇದೆ. ದನಿಗೆ ಬರವಿಲ್ಲ. ಬರ ಇರುವುದು ವಿಷಯಕ್ಕೆ! ಇಬ್ಬರೂ ಒಂದೇ ನಾಡಿನವರು. ಆದರೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಕಾರ್ಯಕ್ರಮದ ಹಿಂದಿನ ರಾತ್ರಿ ಸಂಘದವರು ಪೋಸ್ಟರ್ ಕಳಿಸಿ "ಸ್ವಲ್ಪ ಶೇರ್ ಮಾಡ್ರಿ" ಅನ್ನುತ್ತಾರೆ. ನೀವು ಒಂದು ಲೈಕ್ ಒತ್ತಿ ಮರೆಯುತ್ತೀರಿ. ಇದು ಒಡನಾಟವೇ?

ದನಿಯೂ ಕೆಲಸವೂ ಕೂಡಿದರೆ ಏನಾಗುತ್ತದೆಂದು ಈ ನಾಡು ಕಂಡಿದೆ. ಗೋಕಾಕ್ ಸಮಿತಿ ವರದಿ ಕೊಟ್ಟದ್ದು 1981ರಲ್ಲಿ. ಅದನ್ನು ಜಾರಿಗೆ ತನ್ನಿ ಎಂದು ಧಾರವಾಡದಲ್ಲಿ ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ಡಾ. ರಾಜಕುಮಾರ್ ಚಳವಳಿಗೆ ಬಂದರು, ಊರೂರು ತಿರುಗಿದರು. ಸಾಹಿತಿಗಳ ಚಳವಳಿ ಜನಸಾಗರದ ಚಳವಳಿಯಾಯಿತು. ಆದರೆ ಗಮನಿಸಿ. ರಾಜ್ ಬರುವ ಮೊದಲೇ ವರದಿ ಸಿದ್ಧವಿತ್ತು, ಬೇಡಿಕೆ ಖಚಿತವಿತ್ತು, ಬೀದಿಯಲ್ಲಿ ಜನರಿದ್ದರು. ಅದ್ಯಾವುದೂ ಇಲ್ಲದಿದ್ದರೆ ದೊಡ್ಡ ಜಾತ್ರೆಯಾಗುತ್ತಿತ್ತು, ಅಷ್ಟೇ.

ಇವತ್ತು ರಾಜ್ ನಮ್ಮ ನಡುವೆ ಇಲ್ಲ. ಹಾಗಾಗಿ ಸಂಘದವರು ಹತ್ತು ಲಕ್ಷ ಫಾಲೋವರ್ಸ್ ಇರುವ ಒಬ್ಬರನ್ನು ಹುಡುಕಿಕೊಂಡು ಅಲೆಯುತ್ತಾರೆ. ಬೇಡ! ಇದೇ ತಾಲೂಕಿನ ಕಣಗಿನಹಾಳವನ್ನು ನೆನಪಿಸಿಕೊಳ್ಳಿ. 1905ರಲ್ಲಿ ಸಿದ್ಧನಗೌಡ ಪಾಟೀಲರು ಅಲ್ಲಿ ಕೃಷಿ ಸಹಕಾರಿ ಸಂಘ ಕಟ್ಟಿದರು. ಈ ದೇಶದ ಸಹಕಾರ ಚಳವಳಿಯ ಮಾತು ಬಂದಾಗಲೆಲ್ಲ ಮೊದಲು ಬರುವ ಹೆಸರು ಅದು. ಗುಟ್ಟೇನು? ಒಬ್ಬ ಸಾಹುಕಾರನ ಮುಂದೆ ಕೈಯೊಡ್ಡುವ ಬದಲು ಹಲವರು ಸಣ್ಣ ಸಣ್ಣ ಪಾಲು ಹಾಕುವುದು. ದನಿಯ ಲೆಕ್ಕವೂ ಅದೇ. ಎರಡೆರಡು ಸಾವಿರ ಫಾಲೋವರ್ಸ್ ಇರುವ ಐವತ್ತು ಮಂದಿ ಕೂಡಿದರೆ ಒಂದು ಲಕ್ಷವಾಗುತ್ತದೆ. ಅದರ ಮೇಲೆ, ಸಣ್ಣವರ ಮಾತನ್ನು ಕೇಳುವವರು ಪರಿಚಯದವರು, ನಂಬುವವರು. ಒಬ್ಬ ತಾರೆ ಕೈಬಿಟ್ಟರೆ ಎಲ್ಲವೂ ನಿಂತಿತು. ಐವತ್ತರಲ್ಲಿ ಐವರು ಬಿಟ್ಟರೂ ಸಂಘ ನಡೆಯುತ್ತದೆ.

ಇದು ಕನಸಲ್ಲ. 2017ರಲ್ಲಿ ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ಹಿಂದಿ ಫಲಕ ಬೇಡವೆಂದು ಸಾವಿರಾರು ಸಾಮಾನ್ಯ ಕನ್ನಡಿಗರು ಜಾಲತಾಣಗಳಲ್ಲಿ ದನಿ ಎತ್ತಿದರು. ಕನ್ನಡ ಸಂಘಟನೆಗಳು ಬೀದಿಯಲ್ಲಿ ನಿಂತವು. ಜುಲೈನಲ್ಲಿ ಹಿಂದಿ ಫಲಕಗಳಿಗೆ ಮುಸುಕು ಬಿತ್ತು. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರಕ್ಕೆ ಪತ್ರ ಬರೆದರು.

ಹಾಗಾದರೆ ಈ ಸಂಘದ ನಿಯಮಗಳೇನು?

ಒಂದು: ಸಂಘದವರು ಪೋಸ್ಟರ್ ಕಳಿಸುವುದನ್ನು ಬಿಟ್ಟು ಮನುಷ್ಯರನ್ನು ಕರೆಯಬೇಕು. ತಿಂಗಳ ಮೊದಲೇ ಕರೆದು ಕೆಲಸ ತೋರಿಸಲಿ, ದಾಖಲೆ ಕೊಡಲಿ. ಹೇಗೆ ಹೇಳಬೇಕೆಂಬುದನ್ನು ನಿಮಗೆ ಬಿಡಲಿ. ಹೇಳುವ ವಿಷಯ ಮಾತ್ರ ತಪ್ಪಿರಬಾರದು. ಒಂದು ಇಸವಿ ತಪ್ಪಾದರೆ ಎದುರಾಳಿ ಅದನ್ನೇ ಹಿಡಿದು ಎಳೆಯುತ್ತಾನೆ. ಹಾಕುವ ಮೊದಲು ಸಂಘದವರಿಗೆ ಒಮ್ಮೆ ತೋರಿಸಿ.

ಎರಡು: ಲೆಕ್ಕ ಬಯಲಲ್ಲಿರಲಿ. ಬಸ್ ಚಾರ್ಜು, ಊಟದ ಖರ್ಚು ಕೇಳುವುದು ತಪ್ಪಲ್ಲ. ದುಡ್ಡು ಪಡೆದಿದ್ದರೆ ಪೋಸ್ಟಿನಲ್ಲೇ ಹೇಳಿ. ಪ್ರಚಾರಕ್ಕೆ ದುಡ್ಡು ಪಡೆದವರು ಅದನ್ನು ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 2023ರಲ್ಲಿ ಸೂಚನೆ ಹೊರಡಿಸಿದೆ. ಜನರ ನಂಬಿಕೆ ಹೋದರೆ ನಿಮ್ಮ ಬಂಡವಾಳವೇ ಹೋಯಿತು.

ಮೂರು: ಬಡವರ ಮನೆಯ ಕಣ್ಣೀರು ನಿಮ್ಮ ವ್ಯೂಸ್‌ಗಾಗಿ ಅಲ್ಲ. ಕೇಳದೆ ಯಾರ ಮುಖವನ್ನೂ ತೋರಿಸಬೇಡಿ. ಮಕ್ಕಳ ವಿಷಯದಲ್ಲಂತೂ ಎರಡು ಪಟ್ಟು ಎಚ್ಚರ!

ನಾಲ್ಕು: ಕನ್ನಡದಲ್ಲಿ, ಕನ್ನಡ ಲಿಪಿಯಲ್ಲೇ ಬರೆಯಿರಿ. ಮುಂಡರಗಿಯ ರೈತನಿಗೂ ಬೆಂಗಳೂರಿನ ಆಟೋ ಚಾಲಕನಿಗೂ ಅರ್ಥವಾಗದ ಪ್ರಚಾರ ಯಾರಿಗಾಗಿ?

ಐದನೆಯದು ಎಲ್ಲಕ್ಕಿಂತ ಕಷ್ಟದ್ದು. ಬಿಟ್ಟು ಓಡಬೇಡಿ. ಇದೇ ಸೀಮೆಯ ಕಪ್ಪತಗುಡ್ಡದ ಕಥೆ ಕೇಳಿ. 2015ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು. 2016ರಲ್ಲಿ ಸರ್ಕಾರ ಆ ಆದೇಶವನ್ನೇ ಹಿಂದಕ್ಕೆ ಪಡೆಯಿತು. 2017ರ ಫೆಬ್ರವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಅದೇ ವರ್ಷ ರಕ್ಷಣೆ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಲೆಕ್ಕ ಹಾಕಿ, ನಾಲ್ಕು ವರ್ಷ! ಒಂದು ಟ್ರೆಂಡಿನ ಆಯುಷ್ಯ ಎರಡು ದಿನ. ಮೊದಲ ಆದೇಶ ಬಂದ ದಿನ ಸಂಭ್ರಮಿಸಿ ಮನೆಗೆ ಹೋಗಿದ್ದರೆ ಗುಡ್ಡದ ಗತಿ ಏನಾಗುತ್ತಿತ್ತು? ಸರ್ಕಾರ ಮಾತು ತಪ್ಪುವುದು ಜನ ಮರೆತಾಗ. ಮರೆಯಲು ಬಿಡದಿರುವುದೇ ನಿಮ್ಮ ಕೆಲಸ.

ಆದ್ದರಿಂದ ಗೆಳೆಯರೇ, ಹತ್ತು ಸಂಘಗಳಿಗೆ ಲೈಕ್ ಒತ್ತಬೇಡಿ. ನಿಮ್ಮ ಊರಿನ ಒಂದೇ ಒಂದು ಸಂಘವನ್ನು ಆರಿಸಿಕೊಳ್ಳಿ. ತಿಂಗಳಿಗೆ ಒಂದು ದಿನ ಅವರ ಜೊತೆ ಕೆಲಸ ಮಾಡಿ, ಒಂದು ಬರಹವನ್ನೋ ವೀಡಿಯೋವನ್ನೋ ಹಾಕಿ. ಒಂದು ವರ್ಷ ಬಿಡದೆ ಮಾಡಿ. ಸಂಘದ ಹಿರಿಯರೇ, ನೀವು ಸಭೆಯಲ್ಲಿ ಈ ಹುಡುಗ ಹುಡುಗಿಯರಿಗೆ ಕುರ್ಚಿ ಕೊಡಿ, ಮಾತಿಗೂ ಜಾಗ ಕೊಡಿ. ಪಾಲು ಹಾಕಿದವರಿಗೆ ಹಕ್ಕೂ ಇರಬೇಕು.

ಜೈ ಕರ್ನಾಟಕ!